ಬೀಗ ಹಾಕಿದ್ವಿ, ಈಗ ಥ್ಯಾಂಕ್ಸ್ ಹೇಳೋದದ

ಶರಣು ಶರಣಾರ್ಥಿ ಎಲ್ಲಾರಿಗೂ. ಬೀದರ್ ಹಳೇ ಊರಾಗಿನ ನಮ್ಮ ಸಣ್ಣ ಬಿದ್ರಿ (ಕರೀ ಲೋಹದ ಸಾಮಾನಿನ ಮ್ಯಾಲ ಬೆಳ್ಳಿ ಕೂಡ್ಸೋ ನಮ್ಮೂರ ಕಲೆ) ಮ್ಯೂಸಿಯಂ ಮೊನ್ನೆ ಸಂಜಿಗಿ ಬಂದ್ ಮಾಡಿದ್ವಿ. ಗಾಬ್ರಿ ಆಗಬ್ಯಾಡ್ರಿ, ಕಾಯಂ ಅಲ್ಲ. ಮಾಳಗಿ ಸೋರಿ ಸೋರಿ ಸಾಕಾಗಿತ್ತು, ಅದನ್ನ ತಗದು ಹೊಸಾದು ಹಾಕ್ಸಿ ಬಾಜೂಕಿನ ಖಾಲಿ ಖೋಲಿನೂ ಸೇರ್ಸಿ ದೊಡ್ಡದು ಮಾಡ್ಲಾಕತ್ತೀವಿ. ಮಳಿಗಾಲದೊಳಗ ಮುಗಸ್ತೀನಿ ಅಂದಾರ ಮಿಸ್ತ್ರಿ, ಮಿಸ್ತ್ರಿ ಮಾತು ನಿಮಗೂ ಗೊತ್ತದ.

ಅಪ್ಪ ಎರಡು ಕಪಾಟು ಇಟ್ಟು ಇದನ್ನ ಸುರು ಮಾಡ್ದಾಗ ನಾನೇ ನಕ್ಕಿದ್ದೆ, ಚೌಬಾರಾ ಗೋಪುರದ ಕಡಿ ಹೋದ್ರ ಬಿದ್ರಿ ಅಂಗಡಿನೇ ಅದಾವ, ಇಲ್ಲಿಗಿ ಯಾರ್ ಬರ್ತಾರ ಅಂತ. ಬಂದ್ರಿ. 2023ರಾಗ ನಮ್ಮೂರಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗಿ ಪದ್ಮಶ್ರೀ ಬಂದ ಮ್ಯಾಲಂತೂ ಸಾಲಿ ಹುಡುಗ್ರು ಗುಂಪು ಗುಂಪಾಗಿ ಬಂದು ಕಿಲ್ಲಾದ ಮಣ್ಣು ತೋರಸ್ರಿ ಅಂತ ಕೇಳ್ಲಾಕತ್ತರು. ಒಂದು ಬಟ್ಟಲದಾಗ ಇಟ್ಟಿದ್ದೆ. ಅದ್ರಾಗ ನವಸಾಗರ ಅನ್ನೋ ಉಪ್ಪು ಕೂಡ್ಸಿ ಹಚ್ಚಿದ್ರ ಜಸ್ತ (ಸತು)-ತಾಮ್ರದ ಮೈ ಕರ್ರಗಾಗ್ತದ, ಬೆಳ್ಳಿ ತಂತಿ ಮಾತ್ರ ಬೆಳ್ಳಗೇ ಉಳಿತದ ಅಂತ ಹೇಳಿದ್ರ ಒಂದು ಹುಡುಗಿ ನಂಬಲಿಲ್ಲ, ತನ್ನ ಗೆಜ್ಜಿ ಬಿಚ್ಚಿ ಮಣ್ಣಾಗ ಒತ್ತಿ ನೋಡೇ ಹೋದ್ಳು.

ಸಾಮಾನು ಕಟ್ಟೋದೇ ದೊಡ್ಡ ಕೆಲ್ಸ ಆಗಿತ್ತು. ನಾನು ಶಾಣ್ಯಾತನ ಮಾಡಿ ಒಂದೊಂದಕ್ಕೂ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಉಸ್ತಾದ್ ಚಾಚಾ ನೋಡಿ ಬೈದ್ರು ನೋಡ್ರಿ, ರಬ್ಬರ್‌ದಾಗ ಗಂಧಕ ಇರ್ತದ, ಬೆಳ್ಳಿ ಮ್ಯಾಲ ಕರೀ ಪಟ್ಟಿ ಬೀಳ್ತದೋ ಅಂತ. ಆ ವಯಸ್ಸಿನ್ಯಾಗ ಮೂರು ದಿನ ನೆಲದ ಮ್ಯಾಲ ಕುಂತು ಎಲ್ಲಾ ಬಿಚ್ಚಿ, ಕೊಬ್ರಿ ಎಣ್ಣಿ ಒರಸಿ, ಹತ್ತಿ ಸೀರಿ ಚೂರಿನಾಗ ಸುತ್ತಿ ಕೊಟ್ರು, ಒಂದು ರೂಪಾಯಿ ಮುಟ್ಟಲಿಲ್ಲ. ಸೀರಿ ಎದುರಮನಿ ಮೌಶಿದು. ಕೇಳಿದ್ದು ಎರಡು, ಟ್ರಂಕ್ ತಗದು ಹನ್ನೊಂದು ಕೊಟ್ಟಾರ. ಬಿದ್ರಿ ನೋಡ್ಲಾಕ ಕಲ್ಲಿನಂಗ ಕಾಣ್ತದ ಖರೆ, ಕೈ ಜಾರಿದ್ರ ಸೀಳೇ ಬಿಡ್ತದ, ಹಂಗಾಗಿ ಆಟೋ ತಮ್ಮ ಒಂದೊಂದು ಬ್ರೇಕರ್ ಬಂದಾಗೂ ತಳಗ ಇಳದು ಆಟೋ ಕೈಲೇ ತಳ್ಳಿ ದಾಟ್ಸಿದ, ಹಿಂದಿನ ಗಾಡಿಯವ್ರ ಬೈಗುಳಾನೂ ಅವನೇ ತಿಂದ. ಅವನಿಗಿ ನನ್ನ ಕಡಿಂದ ಒಂದು ಊಟ ಬಾಕಿ ಅದ.

ರೊಕ್ಕದ ವಿಷಯ ಜಾಸ್ತಿ ಹೇಳಲ್ಲ. ಒಂದು ಕಡಿಂದ ಬರ್ತದಂತ ವರ್ಷಗಟ್ಲೆ ಕಾದ್ವಿ, ಬರಲಿಲ್ಲ, ಹೆಸ್ರು ಯಾಕ ಬಿಡ್ರಿ. ನಾನು ಕಾಂಪಿಟಿಶನ್ ಅಂತ ತಿಳ್ಕೊಂಡಿದ್ದ ಅಂಗಡಿಯವ್ರೇ ಕೂಡಿ ಪತ್ರಾ, ಸಿಮೆಂಟು ಕೊಡ್ಸಿದ್ರು. ಅವರಿಗಿ ಎದುರು ನಿಂತು ಹೇಳ್ಲಾಕ ಬಾಯಿ ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೀಲಾಕತ್ತೀನಿ.

ಸಾಮಾನೆಲ್ಲಾ ಈಗ ನಮ್ಮನ್ಯಾಗ ಅದ. ಹುಕ್ಕಾದ ಬುಡ ಅಪ್ಪನ ಮಂಚದ ತಳಗ, ಪಾನ್‌ದಾನ್ ಅಡಗಿಮನ್ಯಾಗ ಅಕ್ಕಿ ಡಬ್ಬಿ ಬಾಜೂಕ. ನಿನ್ನಿ ಮೌಶಿ ಚಹಾಕ್ಕ ಬಂದವ್ರು ಆ ಪಾನ್‌ದಾನ್ ಸುತ್ತಿದ ಸೀರಿ ಗಂಟು ಕೈಯಾಗ ತಗೊಂಡು, ಅಂಚು ಸವರಿ ಸವರಿ ನೋಡಿ, "ಇದು ಮಗಳ ತೊಟ್ಲದಾಗ ಉಟ್ಟಿದ್ದು ಅಲ್ಲೇನೋ" ಅಂದ್ರು. ಬಿಚ್ಚಿ ಕೊಡ್ಲೇನ್ರಿ ಅಂದೆ. "ಬ್ಯಾಡ, ಖೋಲಿ ಆಗೋತನಕ ಅದ್ರಾಗೇ ಇರ್ಲಿ" ಅಂದ್ರು.