ನಿನ್ನ ಗ್ಲೌಸ್ ಬಗ್ಗೆ ಒಂದು ಮಾತು

ಪ್ರೀತಿಯ ಗೆಳತಿ,

ನಿನ್ನ ಚಪ್ಪಲಿ ಇನ್ನೂ ನನ್ನ ಹತ್ತಿರವೇ ಇದೆ. ಮೊದಲು ಅದನ್ನು ಹೇಳಿಬಿಟ್ಟೆ.

ನೀನು ಹೋದ ಮೇಲೆ ನಮ್ಮ ಸಾಫ್ಟ್‌ಬಾಲ್ ತಂಡಕ್ಕೆ ಚೆಂಡು ಎಸೆಯಲು ಹೊಸ ಪಿಚರ್ ಬಂದಿದ್ದಾಳೆ. ಮೊದಲ ವಾರ ಅವಳ ಒಂದು ಚೆಂಡೂ ನನ್ನ ಬ್ಯಾಟಿಗೆ ನೆಟ್ಟಗೆ ಸಿಗಲಿಲ್ಲ. ಕೊನೆಗೆ ಕೆಳಗಿಳಿಯುವ ಡ್ರಾಪ್ ಬಂದರೆ ಅದರ ಮೇಲೆ ಬೀಸಿದೆ, ಏರುವಂತೆ ಕಾಣುವ ರೈಸ್ ಬಂದರೆ ಕೆಳಗೆ. ನಿಧಾನವಾಗಿ ಬಂದು ಮೋಸ ಮಾಡುವ ಚೇಂಜ್‌ಅಪ್‌ಗಂತೂ ಚೆಂಡು ಬರುವ ಮೊದಲೇ ಬೀಸಿ ಮುಗಿದಿತ್ತು. "ಏನನ್ನು ನೋಡ್ತಿದ್ದೀಯಾ?" ಅಂತ ಕೋಚ್ ಕೇಳಿದರು. ಉತ್ತರ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಆಟ ಗೊತ್ತಿಲ್ಲದವರೂ ಇದನ್ನು ಓದುತ್ತಾರೆ, ಅವರಿಗಾಗಿ ಎರಡು ಮಾತು. ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಗಂಟೆಗೆ 65 ಮೈಲಿ ವೇಗದ ಚೆಂಡು ಅರ್ಧ ಸೆಕೆಂಡಿನ ಒಳಗೆ ಬಂದುಬಿಡುತ್ತದೆ. ಬೀಸುವುದಕ್ಕೂ ಅದರಲ್ಲೇ ಸಮಯ ಬೇಕು. ಹಾಗಾಗಿ ಅದು ಯಾವ ಚೆಂಡು ಅಂತ ಕೈ ಬಿಟ್ಟ ಕೂಡಲೇ ತಿಳಿಯಬೇಕು.

2004ರಲ್ಲಿ ಅಮೆರಿಕದ ಸಾಫ್ಟ್‌ಬಾಲ್ ಪಿಚರ್ ಜೆನ್ನಿ ಫಿಂಚ್ ಒಂದು ಪ್ರದರ್ಶನ ಪಂದ್ಯದಲ್ಲಿ ಆಲ್ಬರ್ಟ್ ಪುಹೋಲ್ಸ್, ಮೈಕ್ ಪಿಯಾಜಾ ಅಂಥ ಬೇಸ್‌ಬಾಲ್ ದಿಗ್ಗಜರನ್ನೇ ಔಟ್ ಮಾಡಿದಳಲ್ಲ, ಎಷ್ಟು ಸಲ ಮಾತಾಡಿದ್ದೇವೆ! ಅವರ ಕಣ್ಣಲ್ಲಿ ದೋಷವಿರಲಿಲ್ಲ. ಭುಜದ ಮೇಲಿಂದ ಬರುವ ಚೆಂಡಿಗೆ ಒಗ್ಗಿದ ಕಣ್ಣು ಅದು. ಸೊಂಟದ ಪಕ್ಕದಿಂದ ಚೆಂಡು ಬಂದಾಗ ಏನೂ ಹೊಳೆಯಲಿಲ್ಲ. ಈಗ ಅನ್ನಿಸುತ್ತಿದೆ, ನನ್ನ ಕಣ್ಣು ಒಗ್ಗಿದ್ದು ನಿನಗೆ. ಚೆಂಡಿಗೂ ಅಲ್ಲ, ನಿನ್ನ ಗ್ಲೌಸ್‌ಗೆ.

ಚೇಂಜ್‌ಅಪ್ ಹಿಡಿಯುವಾಗ ನಿನ್ನ ಗ್ಲೌಸ್ ತುಸು ಅಗಲವಾಗುತ್ತಿತ್ತು ಕಣೇ. ಚೆಂಡನ್ನು ಅಂಗೈಗೆ ಒತ್ತಿಕೊಳ್ಳಲು ಒಳಗೆ ಜಾಗ ಬೇಕಲ್ವಾ, ಅದಕ್ಕೆ. ಎರಡು ವರ್ಷ ನೋಡಿದೆ. ಹೇಳಲಿಲ್ಲ. ಆ ಕೊನೆಯ ಪಂದ್ಯದಲ್ಲಿ ನಿನ್ನ ಚೇಂಜ್‌ಅಪ್ ಎರಡು ಸಲ ಬೇಲಿ ದಾಟಿತು. ಎದುರಾಳಿಗಳೂ ಅದನ್ನು ಕಂಡುಕೊಂಡಿದ್ದರು ಅಂತಲೇ ನನಗನ್ನಿಸುತ್ತದೆ. ನೀನು ಕೈಯನ್ನೇ ಬೈದುಕೊಂಡು ಅಳುತ್ತಿದ್ದೆ. ನಾನು ಬೆನ್ನು ಸವರುತ್ತಾ ಕೂತೆ, ಆಗಲೂ ಹೇಳಲಿಲ್ಲ. ಹೇಳಿದರೆ ನೀನು ತಿದ್ದಿಕೊಳ್ಳುತ್ತಿದ್ದೆ. ಅಭ್ಯಾಸದಲ್ಲಿ ನಿನ್ನ ಚೆಂಡು ಹೊಡೆಯುವವಳು ಅನ್ನುವ ಹೆಸರು ನನಗೆ ಬೇಕಿತ್ತು.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಬರೆದಾಯಿತು, ಅಳಿಸಲ್ಲ.

ಈಗ ದಿನಾ ಬೀಸದೆ ಸುಮ್ನೆ ನಿಲ್ಲುತ್ತೇನೆ. ಮೊದಲು ಅವಳ ಎದೆಯ ಕಡೆ ಸಡಿಲವಾಗಿ ನೋಟ. ತೋಳು ಸುತ್ತಿ ಇಳಿಯುವಾಗ ಕಣ್ಣು ಸೊಂಟದ ಪಕ್ಕಕ್ಕೆ. ಚೆಂಡು ಬಿಟ್ಟ ಕೂಡಲೇ ಅದರ ಹೆಸರು ಕೂಗಬೇಕು. ಚೆಂಡಿನ ಹೊಲಿಗೆ ನನ್ನ ಕಡೆಗೆ ಉರುಳುತ್ತಾ ಬಂದರೆ ಡ್ರಾಪ್. ಹಿಂದಕ್ಕೆ ಸುತ್ತಿದರೆ ರೈಸ್. ರೈಸ್ ನಿಜವಾಗಿ ಏರುವುದಿಲ್ಲ, ಕಣ್ಣು ಲೆಕ್ಕ ಹಾಕಿದಷ್ಟು ಬೀಳುವುದಿಲ್ಲ ಅಷ್ಟೇ. ಕೈಯಿಂದ ಗೂನು ಬೆನ್ನಿನ ಹಾಗೆ ಎದ್ದು ಬಂದರೆ ಹೆಚ್ಚಾಗಿ ಚೇಂಜ್‌ಅಪ್. ಮೊದಲ ದಿನ ಕೂಗಿದ್ದೆಲ್ಲ ತಪ್ಪು. ನಿನ್ನೆ ಒಂದು ಡ್ರಾಪ್‌ನ ಕೆಂಪು ಹೊಲಿಗೆ ಉರುಳುವುದು ಸ್ಪಷ್ಟವಾಗಿ ಕಂಡಿತು. ಎಷ್ಟು ಖುಷಿಯಾಯಿತೆಂದರೆ, ಕೂಗುವುದನ್ನೇ ಮರೆತೆ.

ನೀನು ಬಂದಾಗ ಒಂದು ಬಕೆಟ್ ಚೆಂಡು ಎಸೆಯಬೇಕು. ಗ್ಲೌಸ್ ಬಿಗಿಯಾಗಿ ಮುಚ್ಚಿಕೋ. ಚಪ್ಪಲಿ ನಾನು ತರುತ್ತೇನೆ.

ನಿನ್ನ,
ಎಡಗಡೆಯವಳು