ಮನಃಶಾಸ್ತ್ರದ ಪಠ್ಯದಲ್ಲಿ ‘ಮನುಷ್ಯ’ ಎಂದರೆ ಯಾರು? ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಮನಃಶಾಸ್ತ್ರದ ಪಠ್ಯಪುಸ್ತಕ ಪರಿಷ್ಕರಿಸುವ ಸಮಿತಿಗೆ ತಾವು ಒಂದು ಸೂಚನೆ ನೀಡಬೇಕೆಂದು ಈ ವಿಷಯದ ಶಿಕ್ಷಕಿಯಾಗಿ ಕೋರುತ್ತೇನೆ. ‘ಮನುಷ್ಯರು ಹೀಗೆ ವರ್ತಿಸುತ್ತಾರೆ’ ಎಂದು ಬರೆದಲ್ಲೆಲ್ಲ, ಅಧ್ಯಯನಕ್ಕೆ ಒಳಪಟ್ಟವರು ಯಾರು, ಎಷ್ಟು ಮಂದಿ, ಅದೇ ಫಲಿತಾಂಶ ಬೇರೆಯವರಿಗೂ ಸಿಕ್ಕಿದೆಯೇ ಎಂಬುದನ್ನು ಅಲ್ಲಿಯೇ ಬರೆಯಲಿ.

ಅಮೆರಿಕದ ಮನಃಶಾಸ್ತ್ರಜ್ಞ ಲಾರೆನ್ಸ್ ಕೋಲ್ಬರ್ಗ್ ಹೇಳಿದ ನೈತಿಕ ವಿಕಾಸದ ಆರು ಹಂತಗಳನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆ ಹಂತಗಳಿಗೆ ಆಧಾರವಾದದ್ದು 1950ರ ದಶಕದಲ್ಲಿ ಅವರು ಷಿಕಾಗೊದಲ್ಲಿ ಸಂದರ್ಶಿಸಿದ ಹುಡುಗರ ಉತ್ತರಗಳು. ಒಬ್ಬ ಹುಡುಗಿಯೂ ಅದರಲ್ಲಿರಲಿಲ್ಲ. ನ್ಯಾಯವನ್ನೇ ಅಳತೆಗೋಲು ಮಾಡಿಕೊಂಡು, ಇನ್ನೊಬ್ಬರ ಮೇಲಿನ ಕಾಳಜಿಯಿಂದ ಹುಟ್ಟುವ ನೈತಿಕತೆಯನ್ನು ಕೋಲ್ಬರ್ಗ್ ಕೆಳಗಿಟ್ಟಿದ್ದಾರೆ, ಇದರಿಂದ ಹೆಣ್ಣುಮಕ್ಕಳು ಕೆಳಗಿನ ಹಂತದವರೆಂದು ಕಾಣುತ್ತಾರೆ ಎಂದು ಮನಃಶಾಸ್ತ್ರಜ್ಞೆ ಕ್ಯಾರೊಲ್ ಗಿಲಿಗನ್ 1982ರಲ್ಲಿ ಆಕ್ಷೇಪಿಸಿದರು. ಮುಂದಿನ ಸಂಶೋಧನೆಗಳಲ್ಲಿ, ಈ ಹಂತಗಳ ಪ್ರಕಾರ ಅಳೆದ ಗಂಡು ಹೆಣ್ಣಿನ ಅಂಕಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದ್ದರಿಂದ ಗಿಲಿಗನ್ ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುತ್ತಿಲ್ಲ. ಆದರೆ ಹುಡುಗಿಯರನ್ನು ಕೇಳದೆಯೇ ಮನುಕುಲಕ್ಕೆಲ್ಲ ಏಣಿ ಕಟ್ಟಿದ್ದು ಸರಿಯೇ ಎಂಬ ಪ್ರಶ್ನೆ ಮಕ್ಕಳ ಕಿವಿಗೆ ಬೀಳಲೇಬೇಕು.

ಇದು ಒಬ್ಬ ವಿಜ್ಞಾನಿಯ ಲೋಪವಲ್ಲ. ಮನಃಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2008ರಲ್ಲಿ ಆರು ಪ್ರಮುಖ ಅಮೆರಿಕನ್ ಮನಃಶಾಸ್ತ್ರ ನಿಯತಕಾಲಿಕೆಗಳನ್ನು ಪರಿಶೀಲಿಸಿದಾಗ, ಅಧ್ಯಯನಕ್ಕೆ ಒಳಪಟ್ಟವರಲ್ಲಿ ಶೇ 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರೇ ಆಗಿದ್ದರು. ಆ ದೇಶಗಳಲ್ಲಿರುವುದು ಜಗತ್ತಿನ ಸುಮಾರು ಶೇ 12ರಷ್ಟು ಜನ. ಇನ್ನು, ಅದಾಗಲೇ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಬೇರೆ ತಂಡಗಳು ಮತ್ತೆ ಮಾಡಿ ನೋಡಿದವು; 2015ರಲ್ಲಿ ಬಂದ ಅದರ ವರದಿಯ ಪ್ರಕಾರ ಸಂಖ್ಯಾಶಾಸ್ತ್ರದ ಒರೆಗೆ ನಿಂತವು ಶೇ 36 ಮಾತ್ರ. ತನ್ನ ಕೆಲಸವನ್ನು ತಾನೇ ಹೀಗೆ ಪರೀಕ್ಷೆಗೆ ಒಡ್ಡಿದ್ದು ಈ ಶಾಸ್ತ್ರದ ದೊಡ್ಡ ಗುಣ ಎಂದೇ ನಾನು ಭಾವಿಸುತ್ತೇನೆ. ಪಠ್ಯದಲ್ಲಿ ಅದನ್ನು ಮುಚ್ಚಿಡಲು ಕಾರಣವೇ ಇಲ್ಲ.

‘ಅನುವಂಶೀಯತೆಯೋ ಪರಿಸರವೋ’ ಎಂಬ ಪ್ರಶ್ನೆಗೆ ‘ಎರಡೂ ಮುಖ್ಯ’ ಎಂದು ಬರೆದರೆ ಇಂದು ಅಂಕ ಸಿಗುತ್ತದೆ. ಆದರೆ ಫಿನೈಲ್‌ಕೀಟೋನೂರಿಯಾ ಎಂಬ ಕಾಯಿಲೆಯನ್ನೇ ನೋಡಿ. ವಂಶವಾಹಿಯ ದೋಷದಿಂದಾಗಿ ಶಿಶುವಿನ ದೇಹ ಆಹಾರದಲ್ಲಿನ ಫಿನೈಲ್‌ಅಲನಿನ್ ಎಂಬ ಪ್ರೋಟೀನಿನ ಘಟಕವನ್ನು ಅರಗಿಸಿಕೊಳ್ಳಲಾರದು. ಅದು ರಕ್ತದಲ್ಲಿ ಶೇಖರವಾಗಿ ಮಿದುಳನ್ನು ಕೆಡಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಹಚ್ಚಿ, ಆ ಘಟಕ ಕಡಿಮೆ ಇರುವ ಆಹಾರದ ಪಥ್ಯ ಆರಂಭಿಸಿದರೆ ಅದೇ ಮಗುವಿನ ಬುದ್ಧಿ ಚೆನ್ನಾಗಿ ಬೆಳೆಯುತ್ತದೆ. ಈ ಮಗುವಿನ ಬುದ್ಧಿಯಲ್ಲಿ ವಂಶವಾಹಿಯ ಪಾಲೆಷ್ಟು, ಪಥ್ಯದ ಪಾಲೆಷ್ಟು ಎಂದು ಹೇಗೆ ಭಾಗ ಮಾಡುವುದು? ತರಗತಿಯಲ್ಲಿ ಚರ್ಚೆಯಾಗಬೇಕಾದದ್ದು ಇದು.

ಈ ವಾದ ತಮ್ಮಂಥವರ ಮೇಜಿನವರೆಗೂ ಬರುತ್ತದೆ ಎಂಬುದಕ್ಕೆ ಬ್ರಿಟಿಷ್ ಮನಃಶಾಸ್ತ್ರಜ್ಞ ಸಿರಿಲ್ ಬರ್ಟ್ ಅವರ ಪ್ರಕರಣವೇ ಸಾಕ್ಷಿ. ಬುದ್ಧಿ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ ಎಂದ ಅವರ ವಾದ, ಬ್ರಿಟನ್ನಿನಲ್ಲಿ 11ನೇ ವಯಸ್ಸಿಗೇ ಮಕ್ಕಳನ್ನು ಪರೀಕ್ಷಿಸಿ ಬೇರೆ ಬೇರೆ ಶಾಲೆಗಳಿಗೆ ಹಂಚುವ ಪದ್ಧತಿಗೆ ಬಲ ನೀಡಿತು. ಬೇರೆಬೇರೆಯಾಗಿ ಬೆಳೆದ ಏಕರೂಪಿ ಅವಳಿಗಳ ಬುದ್ಧಿಲಬ್ಧದ (ಐಕ್ಯೂ) ಸಹಸಂಬಂಧ, ಅಂದರೆ ಇಬ್ಬರ ಅಂಕಗಳು ಎಷ್ಟು ಹೊಂದುತ್ತವೆ ಎಂಬ ಅಳತೆ, ಅವರ 1955ರ ಲೇಖನದಲ್ಲಿ 0.771; ಅವಳಿಗಳ ಸಂಖ್ಯೆ ಹೆಚ್ಚಾದ 1966ರ ಲೇಖನದಲ್ಲಿಯೂ ಅದೇ 0.771! ಇದು ಅಸಂಭವವೆಂದು ಅಮೆರಿಕದ ಮನಃಶಾಸ್ತ್ರಜ್ಞ ಲಿಯಾನ್ ಕಾಮಿನ್ 1974ರಲ್ಲಿ ಎತ್ತಿ ತೋರಿಸಿದರು. ಅದು ವಂಚನೆಯೋ ಅಜಾಗರೂಕತೆಯೋ ಎಂಬ ಜಗಳ ಏನೇ ಇರಲಿ, ಆ ಅಂಕಿಗಳನ್ನು ಇಂದು ಯಾರೂ ಆಧಾರವಾಗಿ ಬಳಸುವುದಿಲ್ಲ. ಹಂಚಿಹೋದ ಮಕ್ಕಳು ಮಾತ್ರ ಅಷ್ಟು ಹೊತ್ತಿಗೆ ದೊಡ್ಡವರಾಗಿದ್ದರು.

ಪ್ರಶ್ನೆಪತ್ರಿಕೆಯೂ ಬದಲಾಗದಿದ್ದರೆ ಪಠ್ಯದಲ್ಲಿ ಸೇರಿಸಿದ ಪುಟಗಳನ್ನು ಯಾರೂ ತೆರೆಯುವುದಿಲ್ಲ. ಒಂದು ಪ್ರಯೋಗದ ವಿವರ ಕೊಟ್ಟು, ‘ಈ ತೀರ್ಮಾನ ಯಾರ ಬಗ್ಗೆ ನಿಲ್ಲುತ್ತದೆ, ಯಾರ ಬಗ್ಗೆ ನಿಲ್ಲುವುದಿಲ್ಲ, ಏಕೆ?’ ಎಂದು ಕೇಳುವ ಒಂದು ಕಡ್ಡಾಯ ಪ್ರಶ್ನೆ ಇರಲಿ. ಅದಕ್ಕೆ ಮಾದರಿ ಉತ್ತರ ಮುದ್ರಿಸದಂತೆಯೂ ತಾವು ಆದೇಶಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಮನಃಶಾಸ್ತ್ರದ ಒಬ್ಬ ಶಿಕ್ಷಕಿ