ಪರಿಹಾರದ ಲಾರಿ ಹೊರಡುವ ಮೊದಲು ಸೇತುವೆ ನೋಡಿ

ಸಂಪಾದಕರೇ,

ಗಂಗಾವತಿಯಲ್ಲಿ ಲಾರಿ ಬುಕಿಂಗ್ ನನ್ನ ಕಸುಬು. ಜಾಸ್ತಿ ಅಕ್ಕಿ ಮಿಲ್ಲುಗಳ ಲೋಡೇ. ಹೊಳೆ ತುಂಬಿದಾಗ ಎಲ್ಲರೂ ನೀರು ನೋಡಲು ಹೋಗುತ್ತಾರೆ, ನಾನು ಮಾತ್ರ ಕಂಪ್ಲಿ ಸೇತುವೆ ತೆರೆದಿದೆಯಾ ಅಂತ ಫೋನ್ ಮಾಡುತ್ತೇನೆ. ತುಂಗಭದ್ರಾ ಜಲಾಶಯದಿಂದ ನದಿಗೆ ಬಿಡುವ ನೀರು ಒಂದು ಲಕ್ಷ ಕ್ಯೂಸೆಕ್ ಮೀರಿದರೆ ಅದು ಬಂದ್ ಆಯಿತೆಂದೇ ಲೆಕ್ಕ. ಆಮೇಲೆ ಕಡೇಬಾಗಿಲು-ಬುಕ್ಕಸಾಗರ ಸೇತುವೆ ಕಡೆಯಿಂದ ಸುತ್ತಿ ಹೋಗಬೇಕು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತಲ್ಲ, ಅವತ್ತು ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಹೊಳೆ ದಂಡೆಯವರಿಗೆ ಎಚ್ಚರಿಕೆಯೇನೋ ಕೊಟ್ಟರು. ಆದರೆ ನಡುರಾತ್ರಿ ಊರಿಗೆ ಊರನ್ನೇ ಎಬ್ಬಿಸಿ ಕಳಿಸಬೇಕಾಗಿ ಬಂದಿದ್ದರೆ ಯಾರ ಗಾಡಿ, ಯಾವ ದಾರಿ, ಡೀಸೆಲ್ ದುಡ್ಡು ಯಾರದು?

2019ರ ಆಗಸ್ಟ್‌ನಲ್ಲಿ ಬಾಗಲಕೋಟೆ ಕಡೆ ಊರುಗಳು ಮುಳುಗಿದಾಗ ನಾವೂ ಒಂದು ಲೋಡು ಕಳಿಸಿದ್ದೆವು. ಜನ ಪ್ರೀತಿಯಿಂದ ಕೊಟ್ಟರು, ನಾವು ಬಂದದ್ದು ಬಂದಂತೆ ಹೇರಿದೆವು. ನೀರಿನ ಕ್ಯಾನು, ಔಷಧಿ ಮೊದಲು ಬಂದಿದ್ದರಿಂದ ತಳಕ್ಕೆ ಹೋದವು, ಹಳೇ ಬಟ್ಟೆ ಮೇಲೆ ಕೂತಿತು. ಅಲ್ಲಿ ಹೋದರೆ ಹಮಾಲರಿಲ್ಲ. ಮುಂದಿನ ಹಳ್ಳಿಗೆ ದಾರಿಯೆಲ್ಲ ಕೆಸರು, ಹತ್ತು ಚಕ್ರದ ಲಾರಿ ಹೋಗುವುದಿಲ್ಲ, ಟ್ರ್ಯಾಕ್ಟರ್ ಸಿಗುವ ತನಕ ಕಾಯಿರಿ ಅಂದರು. ಒಂದು ದಿನ ಲಾರಿ ಸುಮ್ನೆ ನಿಂತಿತು. ತಪ್ಪು ನಮ್ಮದೂ ಇತ್ತು ಬಿಡಿ, ಮೊದಲು ಇಳಿಸಬೇಕಾದ್ದನ್ನು ಕೊನೆಗೆ ಹೇರಬೇಕು ಅನ್ನುವುದು ನಮ್ಮ ಕ್ಲೀನರ್ ಹುಡುಗನಿಗೂ ಗೊತ್ತಿರುವ ವಿಷಯ.

ಲೆಕ್ಕ ನೋಡಿದರೆ ದೊಡ್ಡದೇನಲ್ಲ. 500 ಮನೆಗೆ ಹತ್ತತ್ತು ಕೆಜಿ ಅಕ್ಕಿ ಅಂದರೆ 5 ಟನ್, ಒಂದು ಲಾರಿ ಸಾಕು. ಆ ಮನೆಗಳಲ್ಲಿ 2,500 ಜನ ಅಂತ ಹಿಡಿದರೆ, ಕುಡಿಯಲಿಕ್ಕೆ ಮಾತ್ರ ತಲೆಗೆ 3 ಲೀಟರ್ ಅಂದರೂ ದಿನಕ್ಕೆ 7,500 ಲೀಟರ್ ನೀರು ಬೇಕು, ನಾಳೆ ಮತ್ತೆ ಅಷ್ಟೇ ಬೇಕು. ಅಕ್ಕಿ ಒಂದು ಸಲ ಹೋದರೆ ವಾರ ನಡೆಯುತ್ತದೆ. ನೀರನ್ನು ಬಾಟಲಿಯಲ್ಲಿ ಸಾಗಿಸುವುದಕ್ಕಿಂತ ಟ್ರ್ಯಾಕ್ಟರ್‌ಗೆ ಕಟ್ಟುವ ಎರಡು ಟ್ಯಾಂಕರ್ ಓಡಾಡಿಸುವುದು ಸಲೀಸು ಅಲ್ವಾ? ಆದರೂ ಎಲ್ಲರೂ ಬಾಟಲಿಯನ್ನೇ ಕಳಿಸುತ್ತಾರೆ, ಫೋಟೋಗೆ ಅದೇ ಚೆಂದ.

ಟ್ರ್ಯಾಕ್ಟರ್‌ಗೆ ನಮ್ಮಲ್ಲಿ ಬರವಿಲ್ಲ. ಭತ್ತದ ಸೀಮೆ, ಯಾವ ಊರಿಗೆ ಹೋದರೂ ಸಿಗುತ್ತವೆ. ಆನೆಗೊಂದಿ ಕಡೆ ಹರಿಗೋಲು ಹಾಕುವವರಿದ್ದಾರೆ. ಹೊಳೆ ನಡುವಿನ ವಿರುಪಾಪುರಗಡ್ಡೆಯಲ್ಲಿ 2019ರಲ್ಲಿ ಪ್ರವಾಸಿಗರು ಸಿಕ್ಕಿಕೊಂಡಾಗ ಹೆಲಿಕಾಪ್ಟರ್ ಬರಬೇಕಾಯಿತು, ಅಂಥ ಪ್ರವಾಹಕ್ಕೆ ಹರಿಗೋಲು ಇಳಿಸುವುದು ಬೇಡವೇ ಬೇಡ. ಆದರೆ ಹೊಳೆ ಎಲ್ಲಿ ಸುಳಿ ಹಾಕುತ್ತದೆ, ಯಾವ ಓಣಿಗೆ ಮೊದಲು ನೀರು ನುಗ್ಗುತ್ತದೆ ಅಂತ ಹೇಳಲು ಅವರೇ ಸರಿ. ಇಂಥವರನ್ನು ಪ್ರವಾಹ ತಯಾರಿಯ ಮೀಟಿಂಗಿಗೆ ಕರೆದದ್ದು ನಾನಂತೂ ನೋಡಿಲ್ಲ.

ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲೇ ಅಧಿಕಾರಿಗಳು ಗಾಡಿಯವರ ಜೊತೆ ಕೂತು ಮಾತಾಡಿದರೆ ಬಾಡಿಗೆ ಎಷ್ಟು, ಎಷ್ಟು ದಿನದೊಳಗೆ ಕೊಡುತ್ತಾರೆ ಅನ್ನುವುದೂ ತೀರ್ಮಾನ ಆಗುತ್ತದೆ. ಬಾಡಿಗೆ ಬಾಕಿ ಉಳಿದರೆ ಮುಂದಿನ ಸಲ ಯಾವ ಡ್ರೈವರೂ ಫೋನ್ ಎತ್ತುವುದಿಲ್ಲ. ನನ್ನ ಬುಕಿಂಗ್ ಪುಸ್ತಕದಲ್ಲಿ ಎಲ್ಲರ ನಂಬರ್ ಇದೆ. ಕರೆದರೆ ಪುಸ್ತಕ ಹಿಡಿದುಕೊಂಡೇ ಬರುತ್ತೇನೆ.

ಲಾರಿ ಬುಕಿಂಗ್‌ನವನು, ಗಂಗಾವತಿ